ಒಮ್ಮೆಗೇ ಎರಡು ದನಿ

1952ರಲ್ಲಿ ಲಾಸ್ ಏಂಜಲಿಸ್ ನಗರದ ವಿಲ್‌ಶೈರ್ ಬುಲೆವಾರ್ಡಿನಲ್ಲಿದ್ದ ‘ದಿ ಹೇಗ್’ ಎಂಬ ಪುಟ್ಟ ಕ್ಲಬ್ಬಿನಲ್ಲಿ ನಾಲ್ವರು ಜಾಝ್ ವಾದಕರು ಪಿಯಾನೋ ಬಿಟ್ಟು ನುಡಿಸತೊಡಗಿದರು. ಜೆರಿ ಮಲಿಗನ್ ಕೈಯಲ್ಲಿ ಬ್ಯಾರಿಟೋನ್ ಸ್ಯಾಕ್ಸೊಫೋನ್, ಚೆಟ್ ಬೇಕರ್ ಕೈಯಲ್ಲಿ ಟ್ರಂಪೆಟ್, ಜೊತೆಗೊಂದು ಬೇಸ್, ಒಂದು ಡ್ರಮ್ಸ್. ಆ ಆಗಸ್ಟಿನಲ್ಲಿ ಮಲಿಗನ್‌ಗೆ 25 ವರ್ಷ, ಬೇಕರ್‌ಗೆ 22. ಪಿಯಾನೋ ಏಕೆ ಹೋಯಿತು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕತೆಗಳಿವೆ. ಅದೇ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ರೆಡ್ ನಾರ್ವೋ ತಂಡಕ್ಕೆ ಪಿಯಾನೋ ಬೇಕಿರಲಿಲ್ಲ, ಹಾಗಾಗಿ ಅದನ್ನು ತೆಗೆದಿಟ್ಟಿದ್ದರು ಎಂಬುದು ಹೆಚ್ಚಾಗಿ ಕೇಳಿಬರುವ ಕತೆ. ಕಾರಣ ಯಾವುದೇ ಇರಲಿ, ಇಲ್ಲದ್ದನ್ನು ಮಲಿಗನ್ ಕೊರತೆಯೆಂದು ಎಣಿಸಲಿಲ್ಲ. ಅದನ್ನೇ ತನ್ನ ಸಂಗೀತದ ವಿಧಾನ ಮಾಡಿಕೊಂಡ.

ಜಾಝ್ ತಂಡದಲ್ಲಿ ಪಿಯಾನೋ ಮಾಡುವ ಕೆಲಸ ದೊಡ್ಡದು. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ, ಹಾಡು ಈಗ ಎಲ್ಲಿದೆ, ಮುಂದೆ ಯಾವ ಕಡೆ ಹೊರಳಲಿದೆ ಎಂದು ಅದು ತಂಡಕ್ಕೂ ಕೇಳುಗರಿಗೂ ಕ್ಷಣಕ್ಷಣಕ್ಕೂ ತಿಳಿಸುತ್ತಿರುತ್ತದೆ. ಹೀಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನೇ ಕಾರ್ಡ್ ಎನ್ನುವುದು. ಊದುವವನು ಎಷ್ಟೇ ದೂರ ಅಲೆದಾಡಿದರೂ ತಾನೆಲ್ಲಿದ್ದೇನೆ ಎಂಬುದು ಪಿಯಾನೋದಿಂದ ಗೊತ್ತಾಗುತ್ತದೆ. ಅದು ಹೋದಮೇಲೆ ಟ್ರಂಪೆಟ್ಟು, ಸ್ಯಾಕ್ಸೊಫೋನು ಒಂದನ್ನೊಂದು ಕೇಳಿಸಿಕೊಂಡೇ ದಾರಿ ಹಿಡಿಯಬೇಕು. ಇಬ್ಬರಲ್ಲಿ ಒಬ್ಬ ಮೈಮರೆತರೂ ಹಾಡು ಅಲ್ಲೇ ಕುಸಿಯುತ್ತದೆ.

ಕೂಲ್ ಜಾಝ್ ಎಂಬ ಹೆಸರು ಈ ಧಾಟಿಗೆ ಅಂಟಿಕೊಂಡದ್ದಕ್ಕೆ ಹಿನ್ನೆಲೆಯಿದೆ. ಅದಕ್ಕಿಂತ ಮುಂಚಿನ ಬೀಬಾಪ್ ಎಂಬ ಜಾಝ್ ಶೈಲಿಯ ವೇಗವೂ ಬಿಸಿಯೂ ಸಾಕೆನಿಸಿದ ಕೆಲವರು 1948ರಲ್ಲಿ ನ್ಯೂಯಾರ್ಕಿನಲ್ಲಿ ಮೈಲ್ಸ್ ಡೇವಿಸ್ ಸುತ್ತ ಒಂಬತ್ತು ಜನರ ತಂಡ ಕಟ್ಟಿದರು. ಮಲಿಗನ್ ಅದರಲ್ಲಿ ನುಡಿಸಿದ್ದಲ್ಲದೆ ಹಲವು ರಚನೆಗಳನ್ನೂ ಕೊಟ್ಟ. 1949-50ರಲ್ಲಿ ಮುದ್ರಿಸಿದ ಆ ಸಂಗೀತ ಮುಂದೆ 1957ರಲ್ಲಿ ‘ಬರ್ತ್ ಆಫ್ ದ ಕೂಲ್’ ಎಂಬ ಹೆಸರಿನಲ್ಲಿ ಹೊರಬಂತು. ಒಂಬತ್ತು ಜನರಿಂದ ನಾಲ್ವರಿಗೆ ಇಳಿದದ್ದು ಮಲಿಗನ್‌ನ ಮುಂದಿನ ಹೆಜ್ಜೆ. ನನ್ನ ಮಟ್ಟಿಗೆ ಅದೇ ದೊಡ್ಡ ಹೆಜ್ಜೆ.

ಬ್ಯಾರಿಟೋನ್ ಸ್ಯಾಕ್ಸೊಫೋನನ್ನು ಹತ್ತಿರದಿಂದ ನೋಡಬೇಕು. ಕದ್ರಿ ಗೋಪಾಲನಾಥರ ಕೈಯಲ್ಲಿ ನಾವು ಕಂಡ ಆಲ್ಟೊ ಸ್ಯಾಕ್ಸೊಫೋನಿಗಿಂತ ಅದರ ಶಾರೀರ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಅಷ್ಟು ಕೆಳಗಿಳಿಯಲು ಕೊಳವೆ ಬಹಳ ಉದ್ದವಿರಬೇಕು. ಆ ಉದ್ದವನ್ನು ಆಳಿನ ಎತ್ತರಕ್ಕೆ ಹೊಂದಿಸಲು ಬಾಯಿ ಇಡುವ ಜಾಗದ ಬಳಿಯೇ ಕೊಳವೆಯನ್ನು ಒಂದು ಸುತ್ತು ಸುತ್ತಿ ಕೆಳಗೆ ಬಿಟ್ಟಿರುತ್ತಾರೆ. ಕೊರಳಿಗೆ ಪಟ್ಟಿ ಹಾಕಿ ತೂಗಿಸಿಕೊಂಡರೂ ಭಾರ ಬೆನ್ನಿಗೆ ತಿಳಿಯುತ್ತದೆ. ದೊಡ್ಡ ಬ್ಯಾಂಡುಗಳಲ್ಲಿ ಇದರ ಪಾಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಬುನಾದಿಯ ಕೆಲಸ. ಡ್ಯೂಕ್ ಎಲಿಂಗ್ಟನ್ ತಂಡದ ಹ್ಯಾರಿ ಕಾರ್ನಿ ಈ ವಾದ್ಯಕ್ಕೆ ತನ್ನದೇ ವ್ಯಕ್ತಿತ್ವ ತಂದುಕೊಟ್ಟ ಹಿರಿಯ. ಮಲಿಗನ್ ಇದೇ ವಾದ್ಯವನ್ನು ಟ್ರಂಪೆಟ್ಟಿನ ಪಕ್ಕಕ್ಕೆ ತಂದು ಸರಿಸಮಾನವಾಗಿ ನಿಲ್ಲಿಸಿದ. ಅಷ್ಟು ದೊಡ್ಡ ವಾದ್ಯ ಅವನ ಉಸಿರಿನಲ್ಲಿ ಹಗುರಾಗುತ್ತಿತ್ತು. ಬೇಕರ್‌ನ ಟ್ರಂಪೆಟ್ಟಾದರೋ ಮೇಲಿನ ಸ್ಥಾಯಿಗೆ ಏರಿ ಕೂಗುವ ಚಪಲವನ್ನೇ ಬಿಟ್ಟಿತ್ತು. ನಡುಸ್ಥಾಯಿಯಲ್ಲಿ, ಬಳಿಯಲ್ಲಿ ಕೂತವರೊಂದಿಗೆ ಮಾತಾಡುವ ಎತ್ತರದಲ್ಲಿ ಅದು ನುಡಿಯುತ್ತಿತ್ತು. ಒಂದು ಸ್ವಲ್ಪ ಮೇಲೆ ಬಂತು, ಇನ್ನೊಂದು ಸ್ವಲ್ಪ ಕೆಳಗಿಳಿಯಿತು. ನಡುವೆ ಪಿಯಾನೋ ಬಿಟ್ಟುಹೋದ ಜಾಗ ಹಾಗೇ ತೆರವಾಗಿ ಉಳಿಯಿತು.

‘ಮೈ ಫನಿ ವ್ಯಾಲೆಂಟೈನ್’ ಅವರು 1952ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುದ್ರಿಸಿದ ಹಾಡು. ರಾಜರ್ಸ್ ಮತ್ತು ಹಾರ್ಟ್ 1937ರ ನಾಟಕವೊಂದಕ್ಕೆ ಬರೆದದ್ದು. ಮುದ್ರಣ ಮೂರು ನಿಮಿಷದೊಳಗೇ ಮುಗಿಯುತ್ತದೆ. ಕಾರ್ಸನ್ ಸ್ಮಿತ್‌ನ ಬೇಸ್ ಷಡ್ಜದಿಂದ ಹೊರಟು ಅರ್ಧರ್ಧ ಸ್ವರ ಕೆಳಗಿಳಿಯುತ್ತ ಹೋಗುತ್ತದೆ. ಅದರ ಮೇಲೆ ಬೇಕರ್ ಹಾಡಿನ ಮಟ್ಟನ್ನು ಹೆಚ್ಚೇನೂ ಅಲಂಕರಿಸದೆ ನುಡಿಸುತ್ತಾನೆ. ಮಲಿಗನ್ ಬರುವುದು ಆಮೇಲೆ. ಬಂದರೂ ಸದ್ದು ಮಾಡಿ ಬರುವುದಿಲ್ಲ. ನೀಳವಾದ ಸ್ವರವೊಂದನ್ನು ಟ್ರಂಪೆಟ್ಟಿನ ಕೆಳಗೆ ಹಿಡಿದು, ಅದು ಸರಿದಾಗ ತಾನೂ ಬೇರೊಂದು ಕಡೆಗೆ ಸರಿಯುತ್ತಾನೆ. ಡ್ರಮ್ಮಿನ ಮೇಲೆ ತಂತಿಯ ಕುಂಚ ಸವರುವ ಸದ್ದಷ್ಟೇ ಇದೆ. ಇಷ್ಟರಲ್ಲೇ ಕಾರ್ಡುಗಳು ಪೂರ್ತಿಯಾಗಿ ಕೇಳಿಸುತ್ತವೆ ಎನ್ನುತ್ತಾರೆ ಜಾಝ್ ಬಲ್ಲವರು. ಬೇಸಿನ ಒಂದು ಸ್ವರ, ಊದುವವರ ಎರಡು ಸ್ವರ, ಉಳಿದದ್ದನ್ನು ಕೇಳುವವರ ಮನಸ್ಸು ತುಂಬಿಕೊಳ್ಳುತ್ತದಂತೆ.

ನಾನು ಬಹಳ ಯೋಚಿಸಿದ್ದು ಈ ಮಾತಿನ ಬಗ್ಗೆ. ಹಾಗೆ ತುಂಬಿಕೊಳ್ಳಲು ಮನಸ್ಸಿನಲ್ಲಿ ಮೊದಲೇ ಏನಾದರೂ ಇರಬೇಕಲ್ಲವೇ? ಲಾಸ್ ಏಂಜಲಿಸಿನ ಕೇಳುಗರಿಗೆ ಆ ಹಾಡು ಗೊತ್ತಿತ್ತು, ಪಿಯಾನೋ ಜೊತೆಗೆ ಅದನ್ನು ಎಷ್ಟೋ ಸಲ ಕೇಳಿದ್ದರು. ತಂಬೂರಿಯ ಕೆಳಗೆ ಬೆಳೆದ ಕಿವಿಗೆ ಆ ನೆನಪಿಲ್ಲ. ಪಿಯಾನೋ ಇಲ್ಲವೆಂದು ಯಾರಾದರೂ ಹೇಳುವವರೆಗೂ ಅದು ಇರಬೇಕಿತ್ತೆಂದೇ ನಮಗೆ ಹೊಳೆಯುವುದಿಲ್ಲ. ನಮ್ಮ ಸಂಗೀತದಲ್ಲಿ ಕಾರ್ಡು ಎಂದೂ ಇರಲಿಲ್ಲ. ಶ್ರುತಿಯಿದೆ, ಅದರ ಮೇಲೆ ಒಂದು ರಾಗ ಹರಡುತ್ತದೆ. ಅವರಿಗೆ ಬರಿದಾಗಿ ಕಂಡ ಜಾಗ ನಮಗೆ ಬರಿದಾಗಿ ಕಾಣುವುದೇ ಇಲ್ಲ.

ಯಾರೂ ನುಡಿಸದ ಸ್ವರ ಕೇಳಿಸುವುದು ನಮಗೂ ಹೊಸದಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಗಾಂಧಾರ ಕೇಳುತ್ತದೆ. ಆ ಸ್ವರಕ್ಕೆ ತಂತಿಯಿಲ್ಲ, ಬೆರಳಿಲ್ಲ. ಸ್ವಯಂಭೂ ಗಾಂಧಾರ ಎಂದು ಹಿರಿಯರು ಅದಕ್ಕೆ ಹೆಸರಿಟ್ಟರು. ಭೌತವಿಜ್ಞಾನ ಅದನ್ನು ತಂತಿಯ ಐದನೆಯ ಹಾರ್ಮೋನಿಕ್ ಎನ್ನುತ್ತದೆ. ತಂತಿ ಪೂರ್ತಿ ಉದ್ದದಲ್ಲಿ ಕಂಪಿಸುವಾಗಲೇ ಐದು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ. ಆ ಗಾಂಧಾರ ಗಾಳಿಯಲ್ಲಿ ನಿಜವಾಗಿಯೂ ಇದೆ, ಯಂತ್ರದಿಂದ ಅಳೆಯಬಹುದು. ಮಲಿಗನ್ ತಂಡದಲ್ಲಿ ತುಂಬಿಕೊಳ್ಳುವ ಸ್ವರ ಮಾತ್ರ ಬರೀ ನೆನಪಿನಲ್ಲಿದೆ. ಒಂದು ತಂತಿಯೊಳಗಿಂದ ಹುಟ್ಟುತ್ತದೆ, ಇನ್ನೊಂದು ಕೇಳುವವನ ಬದುಕಿನಿಂದ. ಹಾಗಾಗಿ ತಂಬೂರಿಯ ಗಾಂಧಾರ ಎಲ್ಲರಿಗೂ ಒಂದೇ, ಆ ಜಾಝ್ ಹಾಡಿನ ಕಾಣದ ಸ್ವರ ಒಬ್ಬೊಬ್ಬರಿಗೂ ಬೇರೆ.

ಹಾಗಾದರೆ ಈ ಹಾಡುಗಳಲ್ಲಿ ನಮ್ಮ ಕಿವಿ ತಡವರಿಸುವುದು ಎಲ್ಲಿ? ಇಬ್ಬರೂ ಒಮ್ಮೆಗೇ ನುಡಿಯುವಲ್ಲಿ. ಒಬ್ಬ ಪ್ರಧಾನ, ಮತ್ತೊಬ್ಬ ಹಿಮ್ಮೇಳ ಎಂಬುದು ನಮಗೆ ಗೊತ್ತಿರುವ ಕ್ರಮ. ಬೀದರ, ಕಲಬುರಗಿ ಕಡೆಯ ಮದುವೆಗಳಲ್ಲಿ ಭಜಂತ್ರಿಗಳ ಜೋಡಿ ಸನಾದಿ ಕೇಳಿದವರಿಗೆ ಇದು ಕಣ್ಣಿಗೂ ಕಾಣುತ್ತದೆ. ಒಬ್ಬ ಪದ ನುಡಿಸಿದರೆ ಇನ್ನೊಬ್ಬ ಸುತಿ ಹಿಡಿಯುತ್ತಾನೆ. ಸುತಿ ಹಿಡಿದವನು ಗಲ್ಲ ಉಬ್ಬಿಸಿ, ಮೂಗಿನಿಂದ ಉಸಿರೆಳೆಯುತ್ತಲೇ ಬಾಯಿಂದ ಬಿಡುತ್ತ, ಒಂದೇ ಸ್ವರವನ್ನು ಎಲ್ಲೂ ಕಡಿಯದಂತೆ ಮೆರವಣಿಗೆ ಮುಗಿಯುವ ತನಕ ಕಾಯುತ್ತಾನೆ. ಅವನ ದುಡಿಮೆ ದೊಡ್ಡದು. ಆದರೂ ಮಾತು ಅವನದಲ್ಲ. ಅದೇ ಊರುಗಳ ಬ್ಯಾಂಡಿನವರ ಹತ್ತಿರ ಟ್ರಂಪೆಟ್ಟೂ ಇರುತ್ತದೆ, ಸ್ಯಾಕ್ಸೊಫೋನೂ ಇರುತ್ತದೆ. ಅವು ಎಲ್ಲ ಸೇರಿ ಒಂದೇ ಸಿನಿಮಾ ಹಾಡನ್ನು ಒಂದೇ ಧಾಟಿಯಲ್ಲಿ ಊದುತ್ತವೆ. ದನಿ ದಪ್ಪವಾಗುತ್ತದೆ, ಎರಡಾಗುವುದಿಲ್ಲ. ಕರ್ನಾಟಕ ಸಂಗೀತದ ಪಿಟೀಲು ಹಾಡುವವರನ್ನು ಕೂದಲೆಳೆಯಷ್ಟು ಹಿಂದೆ ನಿಂತು ಹಿಂಬಾಲಿಸುತ್ತದೆ. ಜುಗಲ್‌ಬಂದಿಯಲ್ಲಿ ಇಬ್ಬರೂ ಸಮಾನರು, ಆದರೆ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನ ತನಕ ವಾದ ಹೂಡುತ್ತವೆ. ಅಲ್ಲಿಯೂ ಸವಾಲಿಗೆ ಜವಾಬು ಸರದಿಯಲ್ಲೇ.

2008ರಲ್ಲಿ ಗೋಪಾಲನಾಥರೂ ಕರ್ನಾಟಕ ಮೂಲದ ಮನೆತನದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪನವರೂ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ಮಾಡಿದರು. ಎರಡು ಆಲ್ಟೊ ಸ್ಯಾಕ್ಸೊಫೋನುಗಳು, ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಬೇಸ್, ಡ್ರಮ್ಸ್. ಅದನ್ನು ನಾನು ಪ್ರೀತಿಯಿಂದ ಕೇಳುತ್ತೇನೆ. ವಾದ್ಯಗಳು ಅಲ್ಲಿ ಒಂದಾಗಿ ಓಡುತ್ತವೆ, ಸರದಿಯಲ್ಲಿ ಏರುತ್ತವೆ, ಹಲವರಿಗೆ ಬೇರೆ ಬೇರೆ ಆಲಾಪಗಳೂ ಇವೆ. ಇಬ್ಬರೂ ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಮಾತಾಡುತ್ತ, ಒಬ್ಬರ ಮಾತು ಮತ್ತೊಬ್ಬರದ್ದನ್ನು ಎತ್ತಿ ಹಿಡಿಯುವ ಬಗೆ ಮಾತ್ರ ನಮ್ಮ ಅಭ್ಯಾಸಕ್ಕೆ ಹೊರಗಿನದಾಗಿಯೇ ಉಳಿದಿದೆ. ಯುರೋಪಿನವರು ಚರ್ಚುಗಳಲ್ಲಿ, ಬಾಖ್‌ನಂಥವರ ಕೈಯಲ್ಲಿ ಅದನ್ನು ಶತಮಾನಗಳ ಕಾಲ ಪಳಗಿಸಿ ಕೌಂಟರ್‌ಪಾಯಿಂಟ್ ಎಂದರು. ಮಲಿಗನ್, ಬೇಕರ್ ಅದನ್ನು ಬರೆದುಕೊಳ್ಳದೆ, ನುಡಿಸುತ್ತಿದ್ದಂತೆಯೇ ಕಟ್ಟಿದರು. ಅವರ ‘ಲೈನ್ ಫಾರ್ ಲಾಯನ್ಸ್’ ಕೇಳುವಾಗ ಟ್ರಂಪೆಟ್ಟನ್ನು ಹಿಡಿದರೆ ಸ್ಯಾಕ್ಸೊಫೋನು ತಪ್ಪುತ್ತದೆ, ಸ್ಯಾಕ್ಸೊಫೋನನ್ನು ಹಿಡಿದರೆ ಟ್ರಂಪೆಟ್ಟು ಜಾರುತ್ತದೆ. ಎರಡನ್ನೂ ಹಿಡಿಯಬೇಕೆಂಬ ಹಟ ಬಿಟ್ಟಮೇಲೆ ಎರಡೂ ಕೇಳಿಸತೊಡಗುತ್ತವೆ.

ಇದಕ್ಕೆ ಸಮನಾದದ್ದು ನಮ್ಮಲ್ಲಿ ಎಲ್ಲಿಯೂ ಇಲ್ಲವೇ ಎಂದು ಹುಡುಕಿದಾಗ ನನಗೆ ಸಿಕ್ಕ ಉತ್ತರ ಸಂಗೀತದಲ್ಲಿರಲಿಲ್ಲ. ತೆಲಂಗಾಣದ ಗಡಿಯೂರು ಜಹೀರಾಬಾದಿನ ಸಂತೆಯಲ್ಲಿತ್ತು.

ಬೀದರ ಕಡೆಯ ಹೆಂಗಸೊಬ್ಬಳು ಜೋಳದ ರಾಶಿಯ ಮುಂದೆ ಕೂರುತ್ತಾಳೆ. “ಯಕ್ಕಾ, ಜ್ವಾಳ ಹ್ಯಾಂಗ ಕಿಲೋ?” ಮಾರುವವಳು “ಮಂಚಿವಿ ಅಕ್ಕಾ, ಚೇತಿಲ ಪಟ್ಟಿ ಚೂಡು” ಎನ್ನುತ್ತಾಳೆ. ಕೈಯಲ್ಲಿ ಹಿಡಿದು ನೋಡಿ, ದರ ಕೇಳಿದವಳು “ಬಾಳ ತುಟ್ಟಿ ಆಯ್ತಲ್ಲ, ಹ್ವಾದ ವಾರ ಕಮ್ಮಿ ಕೊಟ್ಟಿದ್ದಿ” ಎಂದು ಮುಗಿಸುವ ಮೊದಲೇ ಎದುರಿನವಳ “ಆ ಪಂಟ ವೇರು, ಇದಿ ವೇರು” (ಆ ಬೆಳೆ ಬೇರೆ, ಇದು ಬೇರೆ) ಶುರುವಾಗಿರುತ್ತದೆ. ಇವಳು ತೆಲುಗಿಗೆ ಹೊರಳುವುದಿಲ್ಲ, ಅವಳು ಕನ್ನಡಕ್ಕೆ ಬರುವುದಿಲ್ಲ. ಮಾತು ಮಾತಿನ ಮೇಲೆ ಬೀಳುತ್ತದೆ, ಆದರೂ ಒಂದು ಅಕ್ಷರವೂ ವ್ಯರ್ಥವಾಗುವುದಿಲ್ಲ. ವ್ಯಾಪಾರ ಕುದುರುತ್ತದೆ, ಮಗಳ ಹೆರಿಗೆಯ ಸುದ್ದಿಯೂ ಆಗುತ್ತದೆ. ನಾರಾಯಣಖೇಡದ ಬಸ್ ನಿಲ್ದಾಣದಲ್ಲಿ, ತಾಂಡೂರಿನಿಂದ ವಾಡಿ ಕಡೆ ಹೋಗುವ ರೈಲಿನಲ್ಲಿ, ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಯಲ್ಲಿ, ತಾಂಡೂರಿನ ಭದ್ರೇಶ್ವರನ ಜಾತ್ರೆಯಲ್ಲಿ ಇದು ದಿನನಿತ್ಯದ ಮಾತು. ಇಬ್ಬರಿಗೂ ಇಬ್ಬರ ಭಾಷೆ ಅರ್ಥವಾಗುತ್ತದೆ, ಆಡುವುದು ಮಾತ್ರ ತಂತಮ್ಮದನ್ನು. ಇಲ್ಲಿ ಹಿಮ್ಮೇಳ ಯಾರು ಎಂದು ಕೇಳಿದರೆ ಉತ್ತರವಿಲ್ಲ.

ಈ ಊರುಗಳ ಇತಿಹಾಸ ಇದನ್ನು ಇನ್ನಷ್ಟು ಸ್ಪಷ್ಟಮಾಡುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ, ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂದವು, ಈ ಮೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಒಂದನ್ನು ಬೀದರಕ್ಕೆ ಉಳಿಸಿಕೊಟ್ಟರು. ಗೆರೆಯನ್ನು ಅಷ್ಟು ಸಣ್ಣದಾಗಿ ಎಳೆದಿದ್ದರು. 2014ರಲ್ಲಿ ತೆಲಂಗಾಣ ಬಂತು, 2016ರಿಂದ ಮೊದಲೆರಡು ಊರುಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿವೆ.

ಅದಕ್ಕೂ ಹಿಂದೆ, ನಿಜಾಮರ ಕಾಲದಲ್ಲಿ, ಇಡೀ ಸೀಮೆಯ ನಡುವೆ ಉರ್ದು ಇತ್ತು. ಕಚೇರಿ, ಕೋರ್ಟು, ಶಾಲೆ, ಕಂದಾಯದ ದಫ್ತರು ಬಹುಮಟ್ಟಿಗೆ ಅದರಲ್ಲೇ. ಕನ್ನಡದವರೂ ತೆಲುಗಿನವರೂ ಸರ್ಕಾರದ ಮುಂದೆ ನಿಲ್ಲಬೇಕಾದರೆ ಇಬ್ಬರೂ ಅದರ ಮೂಲಕವೇ ಹೋಗಬೇಕಿತ್ತು. ಎಲ್ಲರೂ ಎಲ್ಲಿದ್ದಾರೆ ಎಂದು ಹೇಳುವ ಪಿಯಾನೋದ ಜಾಗದಲ್ಲಿ ಉರ್ದು ಇತ್ತು ಎನ್ನಬಹುದು. ಈ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ ಎಂಬುದೂ ಮುಖ್ಯ. ಆಡಳಿತದ ಉರ್ದು ಹೋದರೂ ಬೀದಿಯ ದಖನಿ ಉರ್ದು ಹೋಗಲಿಲ್ಲ. ಬೀದರದಿಂದ ಜಹೀರಾಬಾದಿನವರೆಗೆ ಅಂಗಡಿ, ಗ್ಯಾರೇಜು, ಆಟೋ ಸ್ಟ್ಯಾಂಡುಗಳಲ್ಲಿ ಇವತ್ತಿಗೂ ಅದು ಎಲ್ಲರ ನಾಲಗೆಯ ಮೇಲಿದೆ. ಅದು ಮೇಲೆ ಕೂತು ದಿಕ್ಕು ತೋರಿಸುವುದಿಲ್ಲ, ಕಾರ್ಸನ್ ಸ್ಮಿತ್‌ನ ಬೇಸಿನಂತೆ ಕೆಳಗೆ ನಡೆಯುತ್ತದೆ. ಅಪ್ಪಣೆ ಕೊಡುವ ಭಾಷೆ ನಡುವಿನಿಂದ ಎದ್ದುಹೋದಮೇಲೂ ಎರಡು ಭಾಷೆಗಳ ಜನ ಒಬ್ಬರಿಗೊಬ್ಬರು ಕೇಳಿಸುತ್ತಲೇ ಇದ್ದಾರೆ. ಅವರು ಅದನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ.

ಆಡುತ್ತಲೇ ಕೇಳಿಸಿಕೊಳ್ಳುವ ಈ ಶಕ್ತಿಯೇ ನನ್ನ ಮುಖ್ಯ ಜಿಜ್ಞಾಸೆ. ಸರದಿಯಲ್ಲಿ ಮಾತಾಡುವುದು ಸಭ್ಯತೆ, ಅದರ ಬೆಲೆ ಕಡಿಮೆಯಲ್ಲ. ಆದರೆ ಸರದಿಯ ಮಾತಿನಲ್ಲಿ ಎದುರಿನವರು ಮುಗಿಸುವುದನ್ನೇ ಕಾಯುತ್ತ, ಕಿವಿ ಮುಚ್ಚಿಕೊಂಡು ಕೂತಿರುವುದೂ ಸಾಧ್ಯ. ಒಮ್ಮೆಗೇ ನುಡಿಯುವವರಿಗೆ ಆ ಸೌಕರ್ಯವಿಲ್ಲ. ಬೇಕರ್ ತನ್ನ ವಾಕ್ಯದ ನಡುವೆಯೇ ಮಲಿಗನ್ ಎಲ್ಲಿ ಹೋಗುತ್ತಿದ್ದಾನೆಂದು ತಿಳಿದಿರಬೇಕು, ತಿಳಿದೂ ತನ್ನ ವಾಕ್ಯವನ್ನು ಕೈಬಿಡಬಾರದು. ಪೂರ್ತಿ ಬಿಟ್ಟುಕೊಟ್ಟರೆ ಹಿಮ್ಮೇಳವಾಗುತ್ತದೆ, ಸ್ವಲ್ಪವೂ ಬಿಟ್ಟುಕೊಡದಿದ್ದರೆ ಗದ್ದಲವಾಗುತ್ತದೆ. ಈ ಎರಡರ ನಡುವಿನ ಜಾಗ ಬಹಳ ಕಿರಿದು. ಅಲ್ಲಿ ನಿಲ್ಲುವುದನ್ನು ನಾನು ಒಂದು ಬಗೆಯ ಧ್ಯಾನ ಎಂದೇ ತಿಳಿಯುತ್ತೇನೆ. ಕಣ್ಣುಮುಚ್ಚಿ ಒಳಗೆ ಸರಿಯುವ ಧ್ಯಾನದಲ್ಲಿ ನಾನು ಎಂಬುದು ಕರಗಬೇಕು ಎನ್ನುತ್ತಾರೆ. ಇಲ್ಲಿ ನಾನು ಕರಗುವುದಿಲ್ಲ. ತನ್ನ ದನಿಯಲ್ಲೇ ನಿಂತು, ಇನ್ನೊಂದು ದನಿಗೆ ಎಡೆಯಿಟ್ಟು, ಆ ಎಡೆಯಿಂದಲೇ ತಾನೂ ಪೂರ್ತಿಯಾಗುತ್ತದೆ.

ಸಾಮರಸ್ಯವೆಂದರೆ ಪ್ರೀತಿ ಎಂದು ಸುಲಭವಾಗಿ ತೀರ್ಮಾನಿಸುವಂತೆಯೂ ಇಲ್ಲ. ಮಲಿಗನ್, ಬೇಕರ್ ಆಪ್ತ ಗೆಳೆಯರಾಗಿರಲಿಲ್ಲ. ಅವರ ನಾಲ್ವರ ತಂಡ ಒಂದು ವರ್ಷದಷ್ಟೂ ಬಾಳಲಿಲ್ಲ. 1953ರಲ್ಲಿ ಮಾದಕದ್ರವ್ಯದ ಪ್ರಕರಣದಲ್ಲಿ ಮಲಿಗನ್ ಸೆರೆಮನೆಗೆ ಹೋದ, ಹೊರಬಂದಮೇಲೆ ಇಬ್ಬರೂ ಬೇರೆಬೇರೆ ದಾರಿ ಹಿಡಿದರು. 1957ರಲ್ಲಿ ಮತ್ತೆ ಸೇರಿ ಒಂದು ಆಲ್ಬಮ್ ಮಾಡಿದರು. 1974ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮತ್ತೊಮ್ಮೆ ಒಟ್ಟಿಗೆ ನಿಂತರು. ಆಗ ಅವರ ಜೊತೆ ಕೀಬೋರ್ಡ್ ಇತ್ತು, ಗಿಟಾರ್ ಇತ್ತು, ವೈಬ್ರಾಫೋನೂ ಇತ್ತು. ಕಛೇರಿ ಸೊಗಸಾಗಿದೆ, ಇಬ್ಬರೂ ಮಾಗಿದ್ದಾರೆ. ಆದರೆ ನಡುವಿನ ಜಾಗವನ್ನು ಬೇರೆಯವರು ತುಂಬಿದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು ಮೊದಲಿನಷ್ಟು ನೆಚ್ಚಬೇಕಾಗಿಲ್ಲ. ವ್ಯತ್ಯಾಸ ನನ್ನ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಹರೆಯದಲ್ಲಿ ಅವರನ್ನು ಅಷ್ಟು ಹತ್ತಿರ ತಂದದ್ದು ಸ್ನೇಹವಲ್ಲ, ಬೇರೆ ಆಸರೆಯಿಲ್ಲದ ಸ್ಥಿತಿ. ಸಂತೆಯ ಆ ಇಬ್ಬರು ಹೆಂಗಸರೂ ಅಷ್ಟೇ, ಒಬ್ಬರಿಗೆ ಜೋಳ ಬೇಕು, ಇನ್ನೊಬ್ಬರಿಗೆ ದುಡ್ಡು. ಗೌರವ ಆ ಅಗತ್ಯದೊಳಗಿಂದಲೇ ಹುಟ್ಟಿದೆ.

ಈ ಜೋಡಿದನಿಯಲ್ಲಿ ಇನ್ನೊಂದು ಸಂಗತಿಯಿದೆ, ನನ್ನನ್ನು ಹೆಚ್ಚು ಕಾಡುವುದು ಅದು. ಬ್ಯಾರಿಟೋನು, ಟ್ರಂಪೆಟ್ಟು ಸಮಾನವಾಗಿ ಕೇಳಬೇಕಾದರೆ ಎರಡಕ್ಕೂ ಉಸಿರು ಸಿಗಬೇಕು. ತಾಂಡೂರಿನಲ್ಲಿ, ನಾರಾಯಣಖೇಡದಲ್ಲಿ ಇವತ್ತು ತೆಲುಗಿಗೆ ಶಾಲೆಯಿದೆ, ಕಚೇರಿಯಿದೆ, ಅಂಗಡಿಯ ಬೋರ್ಡು, ಚುನಾವಣೆಯ ಭಾಷಣ ಎಲ್ಲ ಇದೆ. ಕನ್ನಡಕ್ಕೆ ಉಳಿದಿರುವುದು ಹೆಚ್ಚಾಗಿ ಮನೆ, ಬೀಗರು, ಜಾತ್ರೆ, ಗಡಿಯಾಚೆಯ ಸಂತೆ. ಇದರಲ್ಲಿ ತೆಲುಗಿನವರ ತಪ್ಪು ಕಾಣುವುದು ನನಗೆ ಸರಿಯೆನಿಸುವುದಿಲ್ಲ, ಗಡಿಯ ಈಚೆ ನಮ್ಮಲ್ಲಿ ಉಳಿದ ತೆಲುಗು ಮನೆಗಳಿಗೂ ಇದೇ ಪಾಡು ಇರಬಹುದು. ಆದರೆ ಒಂದು ದನಿ ಬರೀ ಮನೆಯೊಳಗೆ ಸರಿದಾಗ ಅದು ನಿಧಾನವಾಗಿ ಸುತಿ ಹಿಡಿಯುವ ಕೆಲಸಕ್ಕೆ ಇಳಿಯುತ್ತದೆ. ದುಡಿಯುತ್ತದೆ, ಕಡಿಯದೆ ಇರುತ್ತದೆ, ಹೊಸದೇನನ್ನೂ ನುಡಿಯುವುದಿಲ್ಲ.

ತಾಂಡೂರು, ನಾರಾಯಣಖೇಡ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗ ತೆಲುಗಿನಲ್ಲಿ ಉತ್ತರಿಸುತ್ತಾನೆ. “ಉಂಡೇನೋ ಅಪ್ಪಾ?” “ತಿನ್ನಾ ಅವ್ವಾ.” ಹೊರಗಿನಿಂದ ನೋಡಿದರೆ ಇದೂ ಸಂತೆಯ ಮಾತಿನಂತೆಯೇ, ಇಬ್ಬರೂ ತಂತಮ್ಮದನ್ನು ಆಡುತ್ತಾರೆ, ಇಬ್ಬರಿಗೂ ಎಲ್ಲ ತಿಳಿಯುತ್ತದೆ. ಆದರೆ ಸಂತೆಯಲ್ಲಿ ಇಬ್ಬರ ಹಿಂದೆಯೂ ಅದೇ ಮಾತಾಡುವ ಒಂದೊಂದು ಊರು ನಿಂತಿದೆ. ಇಲ್ಲಿ ಅಜ್ಜಿಯ ಹಿಂದೆ ಯಾರಿದ್ದಾರೆ? ಹುಡುಗನಿಗೆ ಕನ್ನಡ ಕೇಳಿಸಿಕೊಳ್ಳುವ ಕಿವಿ ಇನ್ನೂ ಇದೆ, ಆಡುವ ನಾಲಗೆ ಹೊರಳಿದೆ. ಅವನ ಮಕ್ಕಳಿಗೆ ಆ ಕಿವಿಯಾದರೂ ಬರಬೇಕಾದರೆ ಆ ಮನೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಕನ್ನಡದಲ್ಲಿ ಏನನ್ನು ಮಾತಾಡುತ್ತಿರಬೇಕು ಎಂಬುದನ್ನು ನಾನು ಅಲ್ಲಿನವರೊಂದಿಗೆ ಕೂತು ಕೇಳಬೇಕೆಂದಿದ್ದೇನೆ.